ಹನ್ನೆರಡಡಿ ದಾರಿ ಬಿಡಿ ಸ್ವಾಮಿ

ಬೆಂಕಿ ಆರಿಸಲಿಕ್ಕೆ ಹಿಡಿದದ್ದು ಏಳು ನಿಮಿಷ. ಆ ಬೆಂಕಿಯನ್ನು ಹೋಗಿ ಮುಟ್ಟಲಿಕ್ಕೆ, ಅದೂ ಕಡೆಯ ಇನ್ನೂರು ಗಜ ದಾಟಲಿಕ್ಕೆ, ಹಿಡಿದದ್ದು ಹನ್ನೊಂದು ನಿಮಿಷ. ಕೈಗಡಿಯಾರ ನೋಡಿಕೊಂಡೇ ಬರೆದ ಲೆಕ್ಕ ಇದು. ಕಾರವಾರದ ಭಾನುವಾರದ ಸಂತೆ, ಹೊತ್ತು ಹನ್ನೆರಡರ ಸುಮಾರು, ತಲೆ ಸುಡುವ ಬಿಸಿಲು. ಸೈರನ್ ಕೂಗುತ್ತ ನಿಂತಲ್ಲೇ ನಿಂತಿದ್ದ ಅಗ್ನಿಶಾಮಕ ದಳದ ಕೆಂಪು ಗಾಡಿಯೊಳಗೆ ನಾವೂ ಕೂತಿದ್ದೆವು.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರ ತನಕ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ನಾಲ್ಕು ಜನ ಸೇರುವಲ್ಲಿ ನೀರು ಹಾರಿಸಿ ತೋರಿಸುತ್ತಾರೆ, ಕರಪತ್ರ ಹಂಚುತ್ತಾರೆ, ದೊಡ್ಡವರು ಭಾಷಣ ಮಾಡುತ್ತಾರೆ, ನಮ್ಮಂಥ ಪತ್ರಿಕೆಯವರು ಒಂದು ಫೋಟೋ ಅಚ್ಚು ಹಾಕಿ ಕೈ ತೊಳೆದುಕೊಳ್ಳುತ್ತೇವೆ. 21ನೇ ತಾರೀಕಿಗೆ ಎಲ್ಲರಿಗೂ ಮರೆತುಹೋಗಿರುತ್ತದೆ. ಈ ಸಲ ಸಪ್ತಾಹ ಮುಗಿದ ಮೇಲೆ ಏನಾಗುತ್ತದೆ ನೋಡೋಣ ಎಂದು ಮೇಲಿನವರ ಅನುಮತಿ ಪಡೆದು ಎರಡು ದಿನ ಕಾರವಾರದ ಗಾಡಿಯಲ್ಲಿ, ಒಂದು ದಿನ ಅಂಕೋಲೆಯ ಗಾಡಿಯಲ್ಲಿ ತಿರುಗಿದೆವು.

ಏಪ್ರಿಲ್ 14ನೇ ತಾರೀಕೇ ಯಾಕೆ ಎಂದು ಕೇಳುವವರಿಗೆ ಒಂದು ಮಾತು. 1944ರ ಆ ದಿನ ಮುಂಬಯಿ ಬಂದರಿನಲ್ಲಿ ‘ಫೋರ್ಟ್ ಸ್ಟೈಕೀನ್’ ಎಂಬ ಹಡಗಿಗೆ ಬೆಂಕಿ ಹತ್ತಿತು. ಒಳಗೆ ಹತ್ತಿಯ ಮೂಟೆಗಳಿದ್ದವು, ಸ್ಫೋಟಕಗಳೂ ಇದ್ದವು. ಆರಿಸಲು ಹೋದ ಅಗ್ನಿಶಾಮಕ ದಳದ 66 ಜನ ಹಡಗು ಸಿಡಿದಾಗ ಸತ್ತರು. ಕಾರವಾರದವರು ಹಡಗು ಹತ್ತಿ ಹೊಟ್ಟೆಪಾಡಿಗೆ ಮುಂಬಯಿಗೆ ಹೋಗುತ್ತಿದ್ದ ಕಾಲ ಅದು. ಅಂದು ಸತ್ತವರ ನೆನಪಿಗೆ ಈ ಸಪ್ತಾಹ.

ಉಜೊ, ಉಜೊ!

ಠಾಣೆ ಎಂದರೆ ಗಡಿಬಿಡಿಯ ಜಾಗ ಇರಬೇಕು ಎಂದುಕೊಂಡು ಹೋದವರಿಗೆ ಮೊದಲು ನಿರಾಸೆಯಾಗುತ್ತದೆ. ಗಾಡಿ ತೊಳೆಯುವುದು, ಪೈಪು ಒಣಗಿಸುವುದು, ಟಯರಿನ ಗಾಳಿ ನೋಡುವುದು, ಪಂಪು ಒಮ್ಮೆ ಚಾಲೂ ಮಾಡಿ ಬಂದು ಮಾಡುವುದು. ಗಂಬೂಟುಗಳನ್ನು ಕಾಲು ತೂರಿಸಿದರೆ ಸಾಕು ಎನ್ನುವ ಹಾಗೆ ಸಾಲಾಗಿ ಇಟ್ಟಿರುತ್ತಾರೆ. ಊಟದ ಡಬ್ಬಿ ಬಿಚ್ಚಿದವನು ಪೂರ್ತಿ ಉಣ್ಣುತ್ತಾನೆ ಎಂಬ ಗ್ಯಾರಂಟಿ ಇಲ್ಲ.

ಇವರಲ್ಲಿ ಸುಮಾರು ಜನ ಘಟ್ಟದ ಮೇಲಿನವರು. ಹಾವೇರಿ, ಗದಗ, ಬೆಳಗಾವಿ ಕಡೆಯಿಂದ ನೌಕರಿಗೆ ಬಂದು ನಮ್ಮ ಸೆಕೆಯಲ್ಲಿ ಬೇಯುತ್ತಿರುವವರು. ಆ ದಿನ ಫೋನಿನ ಮುಂದೆ ಕೂತವನೂ ಅಂಥವನೇ, ಹಾವೇರಿ ಕಡೆಯ ಹುಡುಗ. ಫೋನು ಬಂತು. ಆ ಕಡೆಯವರು “ಉಜೊ, ಉಜೊ” ಎಂದು ಕೂಗಿದರು. ನೌಕರಿಗೆ ಸೇರಿದ ಮೇಲೆ ಈ ಹುಡುಗ ಕಲಿತ ಮೊದಲ ಕೊಂಕಣಿ ಶಬ್ದ ಅದೇ ಅಂತೆ, ಬೆಂಕಿ ಎಂದರ್ಥ. “ಎಲ್ರೀ, ಎಲ್ಲಿ ಹೇಳ್ರಿ” ಎಂದು ಕೇಳುವುದರೊಳಗೆ “ಮಾರ್ಕೆಟ್ ಹತ್ರ, ಬೇಗ ಬನ್ನಿ” ಎಂದು ಹೇಳಿ ಫೋನು ಇಟ್ಟೇ ಬಿಟ್ಟರು.

ಭಾನುವಾರ ಕಾರವಾರದಲ್ಲಿ ಮಾರ್ಕೆಟ್ ಹತ್ರ ಎಂದರೆ ಎಲ್ಲಿ ಹುಡುಕುವುದು? ಅರ್ಧ ಊರೇ ಮಾರ್ಕೆಟ್ಟು. ಹುಡುಗ ಅದೇ ನಂಬರಿಗೆ ತಿರುಗಿ ಹಚ್ಚಿದ. ಎಂಗೇಜು. ಇನ್ನೊಮ್ಮೆ ಹಚ್ಚಿದ. ಎಂಗೇಜು. ಫೋನು ಮಾಡಿದವರು ಅಷ್ಟರಲ್ಲಿ ನೆಂಟರಿಷ್ಟರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಗಾಡಿ ಮಾತ್ರ ಕಾಯಲಿಲ್ಲ. ಗಂಟೆ ಹೊಡೆದು ನಾವು ಉಸಿರು ಬಿಡುವುದರೊಳಗೆ ಅದು ಗೇಟು ದಾಟಿತ್ತು. ಸರಿಯಾದ ಓಣಿ ಯಾವುದೆಂದು ದಾರಿಯಲ್ಲಿ ಎರಡನೇ ಫೋನಿನಿಂದ ಗೊತ್ತಾಯಿತು.

ಸಂತೆಯೊಳಗೆ

ದೊಡ್ಡ ರಸ್ತೆಯಲ್ಲಿ ತೊಂದರೆ ಆಗಲಿಲ್ಲ. ಓಣಿಗೆ ತಿರುಗಿದ್ದೇ ತಡ, ಗಾಡಿ ನಿಂತಿತು. ಎದುರಿಗೆ ಒಂದು ಬಿಳಿ ಕಾರು. ಬೀಗ ಹಾಕಿದೆ, ಹ್ಯಾಂಡ್ ಬ್ರೇಕು ಎಳೆದಿದೆ, ಯಜಮಾನರ ಪತ್ತೆಯಿಲ್ಲ. ಅವರು ಮೀನು ಮಾರ್ಕೆಟ್ಟಿನಲ್ಲಿ ಇಸೋಣದ ರೇಟು ಕೇಳುತ್ತಿದ್ದರು. ಎಡಕ್ಕೆ ಸ್ಕೂಟರುಗಳ ಸಾಲು, ಬಲಕ್ಕೆ ಅಂಗಡಿಯವರು ರಸ್ತೆಗೆ ಇಳಿಸಿದ ಪ್ಲಾಸ್ಟಿಕ್ ಕುರ್ಚಿ, ಬಕೆಟ್ಟು, ಬೋರ್ಡು. ಮೇಲೆ ನೋಡಿದರೆ ಬಿಸಿಲಿಗೆ ಕಟ್ಟಿದ ತಾಡಪಾಲಿನ ಹಗ್ಗ ಈ ಕಂಬದಿಂದ ಆ ಕಂಬಕ್ಕೆ. ಗಾಡಿಯ ಅಗಲ ಎಂಟಡಿ. ಎರಡೂ ಬದಿಗೆ ಬಾಗಿಲು ತೆಗೆಯಬೇಕು, ಪೈಪು ಎಳೆಯಬೇಕು. ಅಲ್ಲಿ ಉಳಿದ ದಾರಿ ಆರಡಿಯೂ ಇರಲಿಲ್ಲ.

ಹಾಗಾದರೆ ಗಾಡಿ ಅಲ್ಲೇ ಬಿಟ್ಟು ಪೈಪು ಎಳೆದುಕೊಂಡು ಓಡಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ನಾವೂ ಕೇಳಿದೆವು. ಇಬ್ಬರು ಬೆಂಕಿ ನಂದಿಸುವ ಸಿಲಿಂಡರು ಹಿಡಿದು ಆಗಲೇ ಓಡಿದ್ದರು. ಆದರೆ ಪೈಪು ಉದ್ದ ಆದಷ್ಟೂ ತುದಿಯಲ್ಲಿ ನೀರಿನ ಜೋರು ಕಡಿಮೆಯಾಗುತ್ತದೆ. ಸಂತೆಯ ಜನ ತುಳಿದ, ಸ್ಕೂಟರಿನ ಚಕ್ರದಡಿ ಸಿಕ್ಕ ಪೈಪಿನಲ್ಲಿ ನೀರು ಮುಂದೆ ಹೋಗುವುದೇ ಇಲ್ಲ.

ಮೊದಲು ದಾರಿ ಬಿಟ್ಟವರು ಯಾರು ಗೊತ್ತೇ? ಅಂಕೋಲೆ ಕಡೆಯಿಂದ ಸೊಪ್ಪು ತಂದು ಮಾರುವ ಹಾಲಕ್ಕಿ ಹೆಂಗಸರು. ಕೊರಳ ತುಂಬ ಕರಿಮಣಿ ಸರ ಹಾಕಿದ ಒಬ್ಬ ಮುದುಕಿ, ಯಾರೂ ಹೇಳುವ ಮೊದಲೇ, ಬಸಳೆ ಸೊಪ್ಪಿನ ಬುಟ್ಟಿ ಎತ್ತಿ ತಲೆ ಮೇಲಿಟ್ಟು ಗೋಡೆಗೆ ಒತ್ತಿ ನಿಂತಳು. ಪಕ್ಕದವರಿಗೂ “ಏಳ್ರೇ” ಎಂದು ಗದರಿಸಿದಳು. ಅವರ ಇಡೀ ದಿನದ ವ್ಯಾಪಾರ ಆ ಬುಟ್ಟಿಯಲ್ಲಿತ್ತು. ಅದೇ ಹೊತ್ತಿಗೆ ಪಕ್ಕಾ ಅಂಗಡಿಯ ಒಬ್ಬ ಸಾಹುಕಾರರು “ಬೋರ್ಡಿಗೆ ತಾಗಿಸಬೇಡಿ, ಹೊಸದು” ಎಂದು ಕೂಗುತ್ತಿದ್ದರು. ಕಡೆಗೆ ಎಂಟು ಜನ ಸೇರಿ ಬಿಳಿ ಕಾರಿನ ಹಿಂಭಾಗ ಎತ್ತಿ ಪಕ್ಕಕ್ಕೆ ಇಟ್ಟರು. ಒಂದು ತಾಡಪಾಲಿನ ಹಗ್ಗ ಕೊಯ್ದರು.

ಬೆಂಕಿ ಒಂದು ಅಂಗಡಿಯ ಹಿಂದಿನ ಖೋಲಿಯಲ್ಲಿ. ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಸಾಮಾನು ಚಾವಣಿ ತನಕ ಪೇರಿಸಿದ್ದರು, ಅದೂ ಕರೆಂಟಿನ ಬೋರ್ಡಿಗೆ ಆನಿಸಿ. ಬೋರ್ಡು ಕಿಡಿ ಹಾರಿಸಿದೆ, ರಟ್ಟು ಹತ್ತಿಕೊಂಡಿದೆ. ಯಜಮಾನರು ಗಾಬರಿಯಲ್ಲಿ ಕೊಡದಿಂದ ಅದೇ ಬೋರ್ಡಿಗೆ ನೀರು ಎರಚಲು ಹೊರಟಿದ್ದರಂತೆ. ಓಡಿ ಹೋದ ಇಬ್ಬರು ತಡೆದು ಮೇನು ಸ್ವಿಚ್ಚು ತೆಗೆಸಿದ್ದರಿಂದ ಬಚಾವಾದರು. ಕರೆಂಟು ಇರುವಲ್ಲಿ ನೀರು ಎರಚಿದರೆ ಎರಚಿದವನಿಗೇ ಶಾಕು.

ಆ ಖೋಲಿಯ ಮೇಲೆ ಒಂದು ಅಟ್ಟ. ಅಂಗಡಿಯ ಕೆಲಸದ ಹುಡುಗ ಅಲ್ಲಿ ಮಧ್ಯಾಹ್ನ ಅಡ್ಡಾಗುವ ರೂಢಿ. ಅವತ್ತು ಹೊಗೆ ಮೂಗಿಗೆ ಬಡಿದು ತಾನೇ ಎದ್ದು, ಏಣಿ ಇಳಿದು, ಕೆಮ್ಮುತ್ತ ಹೊರಗೆ ಬಂದಿದ್ದ. ರಸ್ತೆ ಬದಿಗೆ ಕೂತು ನೀರು ಕುಡಿಯುತ್ತಿದ್ದ. ಅವನ ಕೈ ನಡುಗುತ್ತಿತ್ತು. ಅವನಿಗೆ ಗಾಢ ನಿದ್ದೆ ಹತ್ತಿದ್ದರೆ? ಹನ್ನೊಂದು ನಿಮಿಷ ಹೊಗೆ ಕುಡಿದ ಮನುಷ್ಯನನ್ನು ಏಳಿಸಲು ಆಗುವುದಿಲ್ಲ. ಬೆಂಕಿ ಮೈಗೆ ತಾಗುವ ಮೊದಲೇ ಹೊಗೆ ಕೊಲ್ಲುತ್ತದೆ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಜನ ಸತ್ತಾಗಲೂ ಮೇಲಿನ ಮಹಡಿಗಳಲ್ಲಿ ತುಂಬಿದ ಹೊಗೆಯೇ ಯಮನಾಗಿತ್ತು.

ಎಲ್ಲ ಮುಗಿದ ಮೇಲೆ ಗಾಡಿಯ ಚಾಲಕರು ಮುಖ ಒರೆಸಿಕೊಳ್ಳುತ್ತ ಹೇಳಿದ ಮಾತು: “ಬೆಂಕಿ ಆರ್ಸೂದು ತ್ರಾಸ ಅಲ್ರೀ ಸರ. ಬೆಂಕಿ ತನಕ ಹೋಗೂದ ತ್ರಾಸು.”

ನಮ್ಮದೂ ತಪ್ಪುಂಟು

ಈ ಮಾತು ಬರೆದುಕೊಳ್ಳುವಾಗ ದಳದ ಇನ್ನೊಬ್ಬರು ನಗುತ್ತ ನಮ್ಮನ್ನೇ ದಿಟ್ಟಿಸಿ ನೋಡಿದರು. “ಹೋದ ಸಲ ರಾತ್ರಿ ಗೋಡಾವ್ನು ಸುಟ್ಟಾಗ ಗಾಡಿ ಮುಂದ ಬೈಕ್ ನಿಲ್ಸಿದ್ದು ನೀವೇ ಅಲ್ರೀ?” ಎಂದರು.

ನಾವೇ. ಹೌದು ಸ್ವಾಮಿ, ನಾವೇ. ಎಲ್ಲರಿಗಿಂತ ಮೊದಲು ಫೋಟೋ ಹೊಡೆಯಬೇಕೆಂಬ ಹುಕಿಯಲ್ಲಿ ಬೈಕನ್ನು ದಾರಿಗೆ ಅಡ್ಡ ನಿಲ್ಲಿಸಿ, ಬೀಗ ಹಾಕಿ, ಬೆಂಕಿಯ ಹತ್ತಿರ ಓಡಿದ್ದೆವು. ಯಾರೋ ಹುಡುಕಿ ಬಂದು “ನಿಮ್ಮ ಗಾಡಿ ತೆಗೀರಿ” ಎಂದಾಗ “ಪ್ರೆಸ್” ಎಂದು ಉತ್ತರ ಕೊಟ್ಟಿದ್ದೂ ನೆನಪಿದೆ. ಆ ಫೋಟೋ ಮರುದಿನ ಮೊದಲ ಪುಟದಲ್ಲಿ ಬಂತು, ನಾಲ್ಕು ಜನ ಭೇಷ್ ಎಂದರು. ಆ ಬೈಕಿನಿಂದ ಎಷ್ಟು ನಿಮಿಷ ಹಾಳಾಯಿತು ಎಂದು ಆ ದಿನ ನಾವು ಗಡಿಯಾರ ನೋಡಲಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ನಮಗೆ ಲೆಕ್ಕ ಬಾರದು ಎಂದು ಯಾರೂ ರಿಯಾಯಿತಿ ಕೊಡಬೇಕಿಲ್ಲ. ಇಷ್ಟು ಲೆಕ್ಕ ಯಾರಿಗಾದರೂ ಬರುತ್ತದೆ. ಆದ್ದರಿಂದ ಈ ಅಂಕಣದಲ್ಲಿ ಅಂಗಡಿಕಾರರಿಗೆ ಬುದ್ಧಿ ಹೇಳುವಾಗ ಒಂದು ಪಾಲು ನಮ್ಮ ತಲೆಗೂ ಇರಲಿ.

ನೀರಿನ ಲೆಕ್ಕ

ಬಹಳ ಜನ ತಿಳಿದಂತೆ ಆ ಕೆಂಪು ಗಾಡಿಯಲ್ಲಿ ಸಮುದ್ರ ತುಂಬಿಕೊಂಡು ಬರುವುದಿಲ್ಲ. ದೊಡ್ಡ ಗಾಡಿಯ ಟಾಕಿಯಲ್ಲಿ ನಾಲ್ಕೂವರೆ ಸಾವಿರ ಲೀಟರ್ ಹಿಡಿಯುತ್ತದೆ. ಒಂದು ಪೈಪನ್ನು ಜೋರಾಗಿ ಬಿಟ್ಟರೆ ಹತ್ತು ನಿಮಿಷದ ಆಚೀಚೆ ಖಾಲಿ. ಎರಡು ಪೈಪು ಬಿಟ್ಟರೆ ಅದರ ಅರ್ಧ ಹೊತ್ತು. ಆಮೇಲೆ ಬಾವಿಗೋ ಹೊಳೆಗೋ ಹೋಗಿ ತುಂಬಿಸಿಕೊಂಡು ಬರಬೇಕು, ಮತ್ತೆ ಅದೇ ಓಣಿಯಲ್ಲಿ ನುಗ್ಗಬೇಕು. ಮೊದಲ ಸಲ ಬೇಗ ಮುಟ್ಟಿದರೆ ಒಂದು ಟಾಕಿಯಲ್ಲಿ ಆರುವ ಬೆಂಕಿ, ಹತ್ತು ನಿಮಿಷ ತಡವಾದರೆ ಪಕ್ಕದ ಅಂಗಡಿಗೆ ದಾಟಿರುತ್ತದೆ. ಆಗ ಒಂದು ಟಾಕಿ ಯಾವ ಮೂಲೆಗೂ ಸಾಲದು. ನಮ್ಮ ಪೇಟೆಯ ಹಳೆ ಅಂಗಡಿಗಳು ಒಂದರ ಗೋಡೆ ಇನ್ನೊಂದಕ್ಕೆ ಅಂಟಿಕೊಂಡವು. ಮೇಲೆ ಮರದ ಜಂತಿ, ಮಂಗಳೂರು ಹೆಂಚು. ನಿಮ್ಮ ಅಂಗಡಿಗೆ ದಾರಿ ಇದ್ದರೆ ಸಾಲದು, ಪಕ್ಕದವನ ಅಂಗಡಿಗೂ ದಾರಿ ಇರಬೇಕು.

ಮರುದಿನ, ಸೋಮವಾರ, ಕಾರವಾರದ ಅಂಚಿನ ಗುಡ್ಡದಲ್ಲಿ ಒಣ ಹುಲ್ಲು ಹತ್ತಿ ಉರಿಯಿತು. ಅಲ್ಲಿಗೆ ಗಾಡಿ ಹತ್ತುವುದೇ ಇಲ್ಲ. ಹಸಿ ಕೊಂಬೆ ಮುರಿದು ಬಡಿದೇ ಆರಿಸಿದರು. ಕೆಳಗಿಳಿದಾಗ ಎಲ್ಲರ ಮುಖ ಮಸಿ. ಎಸೆದದ್ದು ಒಂದು ಬೀಡಿ ತುಂಡು ಇರಬೇಕು ಎಂದು ಅವರ ಅಂದಾಜು. ಮತ್ತೆ ಎರಡು ಸಲ ಫೋನು ಬಂತು. ಆ ಕಡೆ ಮಕ್ಕಳ ನಗು. ಮನೆಯ ಮೊಬೈಲನ್ನು ಮಕ್ಕಳ ಕೈಗೆ ಕೊಡುವ ತಾಯ್ತಂದೆಯರು ಇದನ್ನೂ ಗಮನಿಸಿರಿ.

ಅಂಕೋಲೆಯ ಬಾವಿ

ಮಂಗಳವಾರ ಅಂಕೋಲೆಯಲ್ಲಿ ಮೊದಲ ಕರೆ ಬೆಂಕಿಯದಲ್ಲ. ಒಂದು ಹಳ್ಳಿಯಲ್ಲಿ ಆಕಳು ಬಾವಿಗೆ ಬಿದ್ದಿತ್ತು. ಇದೂ ಇವರದೇ ಕೆಲಸ. ರಾಜ್ಯದಲ್ಲಿ 1964ರ ಕಾಯ್ದೆಯಿಂದ ಹುಟ್ಟಿದ ಅಗ್ನಿಶಾಮಕ ದಳಕ್ಕೆ ಈಗ ‘ಅಗ್ನಿಶಾಮಕ ಮತ್ತು ತುರ್ತು ಸೇವೆಗಳು’ ಎಂದು ಹೆಸರು. ಬಾವಿಗೆ ಬಿದ್ದ ದನ, ನೆರೆಯಲ್ಲಿ ಸಿಕ್ಕ ಮನೆ, ಅಪಘಾತದಲ್ಲಿ ನುಜ್ಜಾದ ಲಾರಿಯೊಳಗಿನ ಮನುಷ್ಯ, ಎಲ್ಲದಕ್ಕೂ ಇವರೇ ಹೋಗಬೇಕು.

ಹಳ್ಳಿಯ ದಾರಿಯಲ್ಲಿ ಯಾರೋ ಮನೆ ಕಟ್ಟಲು ಚಿರೆಕಲ್ಲು ಇಳಿಸಿದ್ದರು. ಅರ್ಧ ರಸ್ತೆ ಕಲ್ಲು. ಗಾಡಿ ನಿಲ್ಲುವುದರೊಳಗೆ ಹತ್ತಿಪ್ಪತ್ತು ಜನ ಬಂದು, ಒಬ್ಬರ ಕೈಯಿಂದ ಒಬ್ಬರ ಕೈಗೆ ಕಲ್ಲು ದಾಟಿಸಿ, ದಾರಿ ಮಾಡಿಬಿಟ್ಟರು. ಮನೆ ಕಟ್ಟುವ ಯಜಮಾನನೂ ಅದರಲ್ಲಿದ್ದ. ಯಾರೂ ಅವನನ್ನು ಬೈಯಲಿಲ್ಲ, ಅವನೂ ಸಬೂಬು ಹೇಳಲಿಲ್ಲ.

ಬಾವಿಯ ಬುಡದಲ್ಲಿ ನೀರು ಮೊಳಕಾಲುದ್ದ. ಆಕಳು ನಿಂತು ಕೂಗುತ್ತಿತ್ತು. ಊರ ಹುಡುಗನೊಬ್ಬ ಹಗ್ಗ ಸೊಂಟಕ್ಕೆ ಕಟ್ಟಿ ಇಳಿಯಲು ಸಿದ್ಧನಾಗಿದ್ದ. ದಳದವರು ಅವನನ್ನು ಹಿಂದೆ ಸರಿಸಿದರು. ಆಳದ ಬಾವಿಯಲ್ಲಿ ಒಮ್ಮೊಮ್ಮೆ ಉಸಿರಾಡುವ ಗಾಳಿಯೇ ಇರುವುದಿಲ್ಲ. ಒಬ್ಬನನ್ನು ಎತ್ತಲು ಇನ್ನೊಬ್ಬ, ಅವನನ್ನು ಎತ್ತಲು ಮತ್ತೊಬ್ಬ ಇಳಿದು ಎಲ್ಲರೂ ಸತ್ತ ಸುದ್ದಿಗಳನ್ನು ನಾವು ಪತ್ರಿಕೆಯವರು ಎಷ್ಟು ಅಚ್ಚು ಹಾಕಿಲ್ಲ! ಗಾಳಿ ಪರೀಕ್ಷಿಸಿ ಇಬ್ಬರು ಇಳಿದರು, ಹೊಟ್ಟೆಯಡಿ ಅಗಲ ಪಟ್ಟಿ ತೂರಿಸಿದರು, ಮೇಲಿನಿಂದ ಊರೇ ಹಗ್ಗ ಎಳೆಯಿತು.

ಆಕಳ ಮನೆಯ ಅಜ್ಜಿ ಬಾವಿಕಟ್ಟೆ ಬಿಟ್ಟು ಕದಲಿರಲಿಲ್ಲ. “ತಮಾ, ನಮ್ಮ ಗಂಗೆ ಉಳೀತದ್ಯಾ?” ಎಂದು ನಮ್ಮನ್ನು ನಾಲ್ಕು ಸಲ ಕೇಳಿದಳು. ಉಳಿಯಿತು. ಮೇಲೆ ಬಂದ ಗಂಗೆ ಮೊದಲು ಮಾಡಿದ ಕೆಲಸ ತನ್ನನ್ನು ಎತ್ತಿದವನನ್ನೇ ಹಾಯಲು ಹೋದದ್ದು. ಎಲ್ಲರೂ ನಕ್ಕರು. ಅಜ್ಜಿ ಎಲ್ಲರಿಗೂ ಕೋಕಂ ಶರಬತ್ತು ಕೊಟ್ಟಳು.

ಹೆದ್ದಾರಿಯ ಭಯ

ಅದೇ ಮಧ್ಯಾಹ್ನ ಹೆದ್ದಾರಿಯಿಂದ ಕರೆ. ಶಿರೂರಿನ ಕಡೆ ಅನಿಲದ ಟ್ಯಾಂಕರೊಂದು ಹೊಗೆ ಬಿಡುತ್ತ ನಿಂತಿದೆ ಎಂದು. ಗಾಡಿಯೊಳಗೆ ಆ ತನಕ ತಮಾಷೆ ಮಾಡುತ್ತಿದ್ದವರೆಲ್ಲ ಒಮ್ಮೆಲೇ ಸುಮ್ಮನಾದರು. ಯಾಕೆಂದು ಈ ಭಾಗದ ಓದುಗರಿಗೆ ಹೇಳಬೇಕಿಲ್ಲ.

2015ರ ಸೆಪ್ಟೆಂಬರ್ 1ರಂದು ಕುಮಟಾ ತಾಲೂಕಿನ ಬರ್ಗಿಯಲ್ಲಿ ಅನಿಲದ ಟ್ಯಾಂಕರು ಉರುಳಿ, ಸೋರಿದ ಅನಿಲಕ್ಕೆ ಬೆಂಕಿ ಹತ್ತಿ, ರಸ್ತೆ ಬದಿಯಲ್ಲಿ ತಮ್ಮ ಪಾಡಿಗೆ ತಾವಿದ್ದ ಜನ ಸುಟ್ಟುಹೋದರು. 2024ರ ಜುಲೈ 16, ಮಂಗಳವಾರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ, ಚಹಾದ ಅಂಗಡಿ, ನಿಂತ ಗಾಡಿ ಎಲ್ಲವನ್ನೂ ಗಂಗಾವಳಿಗೆ ತಳ್ಳಿತು. ಆಚೆ ದಡದ ಉಳುವರೆಯ ಮನೆಗಳಿಗೂ ನೀರಿನ ಹೊಡೆತ ಬಿತ್ತು. 11 ಜೀವ ಹೋದವು. ಕೇರಳದ ಲಾರಿ ಚಾಲಕನ ದೇಹ ಅವನ ಲಾರಿಯೊಂದಿಗೆ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಲ್ಲಿಯೂ ಒಂದು ಅನಿಲದ ಟ್ಯಾಂಕರು ನದಿಯಲ್ಲಿ ತೇಲಿಹೋಗಿ, ಹತ್ತಿರದ ಹಳ್ಳಿಯವರನ್ನು ದೂರ ಕಳಿಸಿ ಅನಿಲ ಖಾಲಿ ಮಾಡಬೇಕಾಯಿತು.

ಒಂದು ಲೀಟರ್ ದ್ರವ ಅನಿಲ ಹೊರಗೆ ಬಂದರೆ ಸುಮಾರು 250 ಲೀಟರ್ ಅನಿಲವಾಗಿ ಹರಡುತ್ತದೆ. ಅದು ಗಾಳಿಗಿಂತ ಭಾರ. ಮೇಲೆ ಹಾರಿಹೋಗುವುದಿಲ್ಲ, ನೆಲ ಹಿಡಿದು ಗಟಾರು, ತಗ್ಗು, ಮನೆಯ ಹೊಸ್ತಿಲು ಹುಡುಕಿಕೊಂಡು ಹೋಗುತ್ತದೆ. ಎಲ್ಲೋ ನೂರು ಗಜ ದೂರದ ಒಲೆಯೋ, ಬೈಕಿನ ಕಿಡಿಯೋ ಸಾಕು. ಆದ್ದರಿಂದ ಟ್ಯಾಂಕರು ಉರುಳಿದ್ದು ಕಂಡರೆ ಹತ್ತಿರ ಹೋಗಿ ವಿಡಿಯೋ ಮಾಡಬೇಡಿ. ಗಾಡಿ ಸ್ಟಾರ್ಟು ಮಾಡಬೇಡಿ, ಬೀಡಿ ಹಚ್ಚಬೇಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ಎತ್ತರದ ಜಾಗಕ್ಕೆ ದೂರ ನಡೆಯಿರಿ. ದಾರಿಯಲ್ಲಿ ಸಿಕ್ಕವರಿಗೂ ಒಲೆ ಆರಿಸಲು ಹೇಳುತ್ತ ಹೋಗಿ.

ಆ ದಿನ ಹೆದ್ದಾರಿಯಲ್ಲಿ ಕಂಡದ್ದನ್ನು ಬಸ್ಸಿನ ಓದುಗರಿಗಾಗಿ ಬರೆಯಬೇಕು. ಎದುರಿನ ಸಾರಿಗೆ ಬಸ್ಸಿನ ಡ್ರೈವರ್ ಸೈರನ್ ಕೇಳಿದ್ದೇ ಎಡಕ್ಕೆ ಪೂರ್ತಿ ಸರಿದು ನಿಂತರು. ಕಿಟಕಿಯಲ್ಲಿ ತಲೆಗಳು. ಅವರಿಗೆ ನಮಸ್ಕಾರ. ಆದರೆ ನಮ್ಮ ಗಾಡಿಯ ಬಾಲಕ್ಕೆ ಎರಡು ಕಾರು ಅಂಟಿಕೊಂಡವು. ಸೈರನ್ ದಾರಿ ಮಾಡಿಕೊಡುತ್ತದೆ, ತಾವು ಹಿಂದಿನಿಂದ ನುಸುಳಬಹುದು ಎಂಬ ಹಂಚಿಕೆ! ಮುಂದೆ ಅನಿಲ ಸೋರುತ್ತಿದ್ದರೆ ಈ ಬುದ್ಧಿವಂತರು ಎಲ್ಲಿಗೆ ಹೋಗಿ ಮುಟ್ಟುತ್ತಿದ್ದರು ಎಂದು ಅವರೇ ಯೋಚಿಸಲಿ. ದೇವರ ದಯೆ, ಟ್ಯಾಂಕರಿನ ಬ್ರೇಕು ಕಾದು ಹೊಗೆ ಬಂದದ್ದಷ್ಟೇ. ಅನಿಲ ಸೋರಿರಲಿಲ್ಲ. ಚಕ್ರ ತಣಿಯುವ ತನಕ ಕಾದು ನಿಂತು, ಚಾಲಕನಿಗೆ ನಾಲ್ಕು ಮಾತು ಹೇಳಿ ತಿರುಗಿ ಬಂದೆವು.

ಅಗ್ನಿಶಾಮಕ ಗಾಡಿಗೆ, ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ ಆರು ತಿಂಗಳ ತನಕ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಕಾನೂನು ಹಾಗಿರಲಿ. ಬಸ್ಸು ಎರಡು ನಿಮಿಷ ನಿಂತರೆ ಕಂಡಕ್ಟರಿಗೆ ರೇಗಬೇಡಿ. ನೀವು ಬಿಟ್ಟ ಆ ಎರಡು ನಿಮಿಷ ಎಲ್ಲೋ ಒಂದು ಅಟ್ಟದ ಮೇಲೆ ಮಲಗಿದವನಿಗೆ ಸೇರುತ್ತದೆ.

ಅಂಗಡಿಕಾರರಿಗೆ ನಾಲ್ಕು ಮಾತು

ಫೋನು 101 ಅಥವಾ 112. ಮೊದಲು ಜಾಗ ಹೇಳಿ. ಯಾವ ರಸ್ತೆ, ಯಾವ ಗುಡಿಯ ಅಥವಾ ಬ್ಯಾಂಕಿನ ಹತ್ತಿರ ಎಂದು ಸ್ಪಷ್ಟವಾಗಿ ಹೇಳಿ. ಆಮೇಲೆ ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರೆಯೇ ಎಂದು ಹೇಳಿ. ಆ ಕಡೆಯವರು ಸಾಕು ಎನ್ನುವ ತನಕ ಫೋನು ಇಡಬೇಡಿ, ಇಟ್ಟ ಮೇಲೆ ಅದನ್ನು ಖಾಲಿ ಬಿಡಿ. ಅಂಗಡಿಯ ಒಬ್ಬ ಹುಡುಗನನ್ನು ಓಣಿಯ ಬಾಯಿಗೆ ಓಡಿಸಿ, ಗಾಡಿಗೆ ಕೈ ತೋರಿಸಲಿ.

ಕರೆಂಟಿನ ಬೋರ್ಡಿನ ಸುತ್ತ ಮೂರಡಿ ಖಾಲಿ ಇಡಿ. ಮೇನು ಸ್ವಿಚ್ಚು ಎಲ್ಲಿದೆ ಎಂದು ಕೆಲಸದ ಹುಡುಗನಿಗೂ ಗೊತ್ತಿರಲಿ. ಗೋಡೆಗೆ ತೂಗಿಸಿದ ಬೆಂಕಿ ನಂದಿಸುವ ಸಿಲಿಂಡರಿನ ಮುಳ್ಳು ಹಸಿರು ಗೆರೆಯಲ್ಲಿ ಇದೆಯೋ ನೋಡಿ. ಎಷ್ಟೋ ಅಂಗಡಿಗಳಲ್ಲಿ ಅದಕ್ಕೆ ವರ್ಷಕ್ಕೊಮ್ಮೆ ಆಯುಧ ಪೂಜೆಯ ಕುಂಕುಮ ಬೀಳುವುದು ಬಿಟ್ಟರೆ ಬೇರೆ ಉಪಚಾರ ಇಲ್ಲ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಉರಿ ಸಿಡಿದು ಮೈಮೇಲೆ ಬರುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ. ಅಟ್ಟದ ಮೇಲೆ ಯಾರನ್ನೂ ಮಲಗಿಸಬೇಡಿ. ಮಲಗಿಸುವುದು ಅನಿವಾರ್ಯವಾದರೆ ಇಳಿಯಲು ಇನ್ನೊಂದು ದಾರಿ ಇರಲಿ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಹತ್ತಿರ ಅತ್ತಿಬೆಲೆಯಲ್ಲಿ ಪಟಾಕಿ ಅಂಗಡಿಗೆ ಬೆಂಕಿ ಬಿದ್ದು ಕಡಿಮೆಯೆಂದರೂ 14 ಜನ ಸತ್ತರು. ಹೊಟ್ಟೆಪಾಡಿಗೆ ಬಂದ ಕೆಲಸದ ಹುಡುಗರೇ ಅವರಲ್ಲಿ ಹೆಚ್ಚು.

ನಮ್ಮ ಬೇಡಿಕೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಹಳೆಯದಾಯಿತು. ಈಗ ಬಾವಿ ಇದೆ, ಗಾಡಿ ಇದೆ, ಜೀವ ಒತ್ತೆಯಿಟ್ಟು ನುಗ್ಗುವ ಹುಡುಗರಿದ್ದಾರೆ. ದಾರಿ ಮಾತ್ರ ಇಲ್ಲ.

ಆಪತ್ತಿಗೆ ಓಡಿ ಬರುವ ಗುಣ ಈ ಊರಿನವರಿಗೆ ಇಲ್ಲದ್ದಲ್ಲ. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತಾಗ ಇಡೀ ಕಾರವಾರ ಕಡಲ ದಂಡೆಯಲ್ಲಿ ನಿಂತಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದಾಗ ಚಾಲಕನನ್ನು ಜೀವಂತ ಮೇಲೆತ್ತಿದವರಲ್ಲಿ ನಮ್ಮ ಮೀನುಗಾರರೂ ಇದ್ದರು. ಆ ರಾತ್ರಿ ನೀರಿಗೆ ಇಳಿಯಬಲ್ಲ ಊರಿಗೆ ಹಗಲಲ್ಲಿ ಒಂದು ಬಕೆಟ್ಟು ಒಳಗಿಡಲು ಆಗುವುದಿಲ್ಲವೇ?

ನಾವು ಕೇಳುವುದು ಹನ್ನೆರಡಡಿ. ಕಾರವಾರದ ನಗರಸಭೆ, ಅಂಕೋಲೆಯ ಪುರಸಭೆ, ಪೊಲೀಸರು, ಎರಡೂ ಊರಿನ ವರ್ತಕರು ಒಂದು ದಿನ ಕೂತು ಮಾತಾಡಲಿ. ಸಂತೆ ಬೀದಿಯಲ್ಲಿ, ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ, ಹನ್ನೆರಡಡಿ ಬಿಟ್ಟು ಎರಡು ಬಿಳಿ ಗೆರೆ ಎಳೆಯಲಿ. ಗೆರೆಯ ಒಳಗೆ ಬುಟ್ಟಿ ಬೇಡ, ಬೋರ್ಡು ಬೇಡ, ಕಾರು ಬೇಡ, ತಾಡಪಾಲಿನ ಹಗ್ಗ ಗಾಡಿಯ ತಲೆಗಿಂತ ಮೇಲಿರಲಿ. ಬುಟ್ಟಿಯವರನ್ನು ಎಬ್ಬಿಸಿ ಕಾರಿನವರನ್ನು ಬಿಡುವ ನಾಟಕ ಮಾತ್ರ ನಡೆಯಬಾರದು. ಸಂತೆಯವರು ಕೂರಲು ಗೆರೆಯ ಹೊರಗೆ ಜಾಗ ಗುರುತು ಮಾಡಿಕೊಡಿ. ಕಾರುಗಳಿಗೆ ಓಣಿಯ ಹೊರಗೆ ಜಾಗ ತೋರಿಸಿ. ಹೀಗೆ ಮಾಡಿದರೆ ಯಾರ ಹೊಟ್ಟೆಯ ಮೇಲೂ ಹೊಡೆದಂತೆ ಆಗುವುದಿಲ್ಲ.

ಗೆರೆ ಎಳೆದರೆ ಸಾಲದು, ಮಳೆಗಾಲಕ್ಕೆ ಅದು ಅಳಿಸಿಹೋಗುತ್ತದೆ ಎಂದು ನಮಗೂ ಗೊತ್ತು. ಅದಕ್ಕೆ ಇನ್ನೊಂದು ಸಲಹೆ. ತಿಂಗಳಿಗೊಂದು ಭಾನುವಾರ, ಸಂತೆ ತುಂಬಿದ ಹೊತ್ತಿಗೆ, ಯಾರಿಗೂ ಮುಂಚೆ ಹೇಳದೆ ಕೆಂಪು ಗಾಡಿ ಒಮ್ಮೆ ಈ ತುದಿಯಿಂದ ಆ ತುದಿಗೆ ಹೋಗಿ ಬರಲಿ. ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಲಿ. ಆ ನಿಮಿಷಗಳನ್ನು ಪ್ರತಿ ತಿಂಗಳು ಇದೇ ಅಂಕಣದಲ್ಲಿ ಅಚ್ಚು ಹಾಕುವುದು ನಮ್ಮ ಜವಾಬ್ದಾರಿ. ಹನ್ನೊಂದು ಎಂಬುದು ಎರಡಕ್ಕೆ ಇಳಿದ ದಿನ, ಆ ಸಾಹುಕಾರರ ಹೊಸ ಬೋರ್ಡಿನ ಫೋಟೋವನ್ನೂ ಬೇಕಾದರೆ ಬಿಟ್ಟಿಯಾಗಿ ಹಾಕೋಣ.

ಮೊದಲ ಭಾನುವಾರ ನಾವೂ ಸಂತೆಯಲ್ಲಿ ಇರುತ್ತೇವೆ, ಕೈಯಲ್ಲಿ ಗಡಿಯಾರ ಹಿಡಿದುಕೊಂಡು. ಬೈಕು ಮನೆಯಲ್ಲೇ ಇರುತ್ತದೆ.